ಗುಬ್ಬಿಯಲ್ಲಿ ಒಂದು ದಿನ ಮೊದಲೇ ಕಂಡ ಚಂದ್ರ

ಆ ಸಂಜೆ ಖುರ್ಷಿದ್ ಪಾಷಾ ಹೇಳಲು ಮರೆತದ್ದು ಒಂದೇ ಒಂದು ಹೆಸರನ್ನು. ಮರೆತದ್ದಕ್ಕೆ ತನ್ನ ನಗುವೇ ಕಾರಣವೆಂದು ಸರ್ವರ್ ಬೇಗಂ ಬಹಳ ಕಾಲ ನಂಬಿದ್ದಳು.

ಎಂಬತ್ತೆಂಟರ ಬೇಸಿಗೆ; ರಂಜಾನ್ ಮುಗಿಯುತ್ತ ಬಂದಿತ್ತು. ಖುರ್ಷಿದ್ ತುಮಕೂರಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಸದಾಶಿವನಗರದ ಬಾಡಿಗೆ ಕೋಣೆಯಲ್ಲಿ ತಾನೇ ಜೋಡಿಸಿದ ಟೆಲಿಸ್ಕೋಪನ್ನು ಕಂಬಳಿಯಲ್ಲಿ ಸುತ್ತಿ, ಬಸ್ಸಿನ ಮೇಲೆ ಹಾಕಲು ಒಪ್ಪದೆ ತೊಡೆಯ ಮೇಲಿಟ್ಟುಕೊಂಡು, ನಿಟ್ಟೂರು, ಗುಬ್ಬಿ, ಕುಣಿಗಲ್ ಎಂದು ತಿರುಗುತ್ತಿದ್ದ. ಶಾಲೆಗಳ ಅಂಗಳದಲ್ಲಿ ನಿಂತು ಬಂದವರಿಗೆಲ್ಲ ಗ್ರಹಗಳನ್ನು ತೋರಿಸುವುದು ಅವನ ಹುಚ್ಚು. ಬಿ.ಎಸ್ಸಿ. ಮುಗಿಸಿ ಗುಬ್ಬಿಯ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಸರ್ವರ್, ಅಲ್ಲಿ ಹೆಂಗಸರ ಸಾಲನ್ನು ನೋಡಿಕೊಳ್ಳುತ್ತಿದ್ದಳು. ಸಾಲುಗಳು ಎರಡು, ಟೆಲಿಸ್ಕೋಪ್ ಒಂದೇ. ಹಾಗಾಗಿ ಅವರಿಬ್ಬರೂ ಅದರ ಅಕ್ಕಪಕ್ಕದಲ್ಲಿ ನಿಲ್ಲಬೇಕಾಗುತ್ತಿತ್ತು. ನಡುವಿನ ಒಂದು ಮೊಳದ ಅಂತರವನ್ನು ಇಬ್ಬರೂ ಎಂದೂ ಮೀರಿದವರಲ್ಲ.

ಅವನಿಗೊಂದು ಶಿಸ್ತಿತ್ತು. ಯಾರು ಕಣ್ಣಿಡಲು ಬಗ್ಗಿದರೂ, ಅವರು ನೋಡುವ ಮೊದಲೇ ಗ್ರಹದ ಹೆಸರು ಹೇಳಿಬಿಡಬೇಕು. ಆ ತಿಂಗಳು ಪಡುವಣದಲ್ಲಿ ಹೊಳೆಯುತ್ತಿದ್ದ ಶುಕ್ರಗ್ರಹ, ಬರಿಗಣ್ಣಿಗೆ ಬೆಳಕಿನ ಒಂದು ಬಿಂದು. ಟೆಲಿಸ್ಕೋಪಿನಲ್ಲಿ ಮಾತ್ರ ಅದು ತೆಳುವಾದ ಬಾಗಿದ ರೇಖೆ, ಹುಟ್ಟುಚಂದ್ರನ ತದ್ರೂಪ. ಬಿಸಿಲು ಒಂದೇ ಅಂಚಿಗೆ ಬೀಳುವುದರಿಂದ ಹಾಗೆ ಕಾಣುತ್ತದೆಂದು ಅವನು ಬೇಸರವಿಲ್ಲದೆ ಎಲ್ಲರಿಗೂ ವಿವರಿಸುತ್ತಿದ್ದ.

"ಉಗುರು ಕತ್ತರಿಸಿ ಬಿಸಾಕ್ದಂಗೈತೆ," ಎಂದಳು ಹಾಲು ಮಾರುವ ಪುಟ್ಟಗಂಗಮ್ಮ, ಕಣ್ಣು ತೆಗೆಯದೆ. ಆಮೇಲೆ ಸರ್ವರ್‌ಳ ಕಡೆ ತಿರುಗಿ, "ಈ ಮೇಷ್ಟ್ರು ನಮಗೆಲ್ಲ ಮೇಲಕ್ಕೆ ನೋಡು ಅಂತಾರೆ ಕಣವ್ವ, ತಾವ್ ಮಾತ್ರ ನಿನ್ ಕಡೀಕೇ ನೋಡ್ತಾರೆ," ಎಂದು ಹೊರಟುಹೋದಳು. ಖುರ್ಷಿದ್ ಕೂಡಲೇ ಬಗ್ಗಿ, ಬಿಗಿಯಾಗಿಯೇ ಇದ್ದ ತಿರುಪನ್ನು ಮತ್ತೆ ಬಿಗಿ ಮಾಡಿದ.

ಹಬ್ಬದ ಮಾರನೆಯ ದಿನ ಅವನ ಮನೆಯವರು ಹೆಣ್ಣು ಕೇಳಲು ಬರುವುದೆಂದು ಮಾತಾಗಿತ್ತು. ಅದಕ್ಕೆ ಮೊದಲು ಹುಡುಗನನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು, ಉಪವಾಸದ ಇಪ್ಪತ್ತೊಂಬತ್ತನೆಯ ಸಂಜೆ, ರೋಜಾ ಬಿಟ್ಟು ನಮಾಜು ಮುಗಿಸಿ, ಅವಳ ತಂದೆ ಇಸಾಕ್ ಸಾಬ್ ಶಾಲೆಯ ಅಂಗಳಕ್ಕೆ ಬಂದರು. ಪೇಟೆಯಲ್ಲಿ ಅವರದು ತಗಡಿನ ಟ್ರಂಕಿನ ಅಂಗಡಿ. ಆ ಸಂಜೆ ಚಂದ್ರ ಕಂಡರೆ ಮರುದಿನವೇ ಈದ್, ಕಾಣದಿದ್ದರೆ ಇನ್ನೊಂದು ರೋಜಾ. ಈದ್‌ನ ಚಂದ್ರ ಗುಬ್ಬಿಯಲ್ಲಿ ಮೊದಲು ಕಾಣುವುದು ಅವರಿಗೇ ಎಂಬ ಹೆಸರಿತ್ತು. ಅವರು ಕಂಡೆನೆಂದರೆ ಮಸೀದಿಯಲ್ಲಿ ಎದುರಾಡುವವರಿಲ್ಲ. ಈಚಿನ ವರ್ಷಗಳಲ್ಲಿ ಕಣ್ಣಿಗೆ ಪೊರೆ ಕಟ್ಟಿತ್ತು. ಬೇರೆಯವರ ಬೆರಳು ಹೋದ ಕಡೆಗೆ ಮುಖ ಮಾಡಿ ಹೌದೆನ್ನುತ್ತಿದ್ದರು. ಅದು ಸರ್ವರ್‌ಗೆ ಮಾತ್ರ ಗೊತ್ತಿತ್ತು.

ಖುರ್ಷಿದ್ ಸಾಲನ್ನು ನಿಲ್ಲಿಸಿ ಅವರಿಗೆ ಸ್ಟೂಲು ಹಾಕಿದ. "ನೋಡಿ ಚಾಚಾ," ಎಂದ.

ಅವರು ಬಗ್ಗಿದರು. ಆ ಬೆನ್ನಿನ ಮೇಲಿಂದ ಅವನ ನೋಟ ಸರ್ವರ್‌ಳನ್ನು ಅರಸಿತು. ಗಂಜಿ ಹಾಕಿ ಇಸ್ತ್ರಿ ಮಾಡಿದ ಹೊಸ ಶರ್ಟು. ಆದರೆ ಗುಂಡಿಗಳೆಲ್ಲ ಒಂದೊಂದು ಕಾಜ ತಪ್ಪಿ ಕೂತಿದ್ದವು. ಅವಳು ತನ್ನ ಕೊರಳ ಬಳಿ ಬೆರಳಿಟ್ಟು ಸನ್ನೆ ಮಾಡಿದಳು. ಅವನು ತಲೆ ತಗ್ಗಿಸಿ ನೋಡಿಕೊಂಡು ಕಿವಿಯವರೆಗೂ ಕೆಂಪಾದ. ಅವಳು ದುಪಟ್ಟಾ ಅಂಚನ್ನು ಹಲ್ಲಿನಲ್ಲಿ ಕಚ್ಚಿ, ಸದ್ದಿಲ್ಲದೆ, ಭುಜ ಕುಲುಕುವಷ್ಟು ನಕ್ಕಳು. ಶುಕ್ರ ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಇಸಾಕ್ ಸಾಬ್ ತಲೆಯೆತ್ತಿದಾಗ ಅವರ ಕಣ್ಣು ಒದ್ದೆಯಾಗಿತ್ತು. ಪಕ್ಕದಲ್ಲಿದ್ದ ಗೆಳೆಯ ಗುಲಾಮ್ ನಬಿಯನ್ನು ಕರೆದು ತೋರಿಸಿದರು. ಇಬ್ಬರೂ ಅಂಗೈ ಎತ್ತಿ ದುವಾ ಓದಿ, ಬೇಗಬೇಗನೆ ಹೊರಟರು. ಗ್ರಹದ ಚೆಲುವಿಗೆ ಮನಸ್ಸು ಕರಗಿತೆಂದು ಪ್ರೇಮಿಗಳಿಬ್ಬರೂ ಬಗೆದರು.

ಸ್ವಲ್ಪ ಹೊತ್ತಿಗೆ ಮಸೀದಿಯ ಮೈಕು ಮೊಳಗಿತು. ಇಬ್ಬರು ಸಾಕ್ಷಿಗಳು ಚಂದ್ರನನ್ನು ಕಂಡಿದ್ದಾರೆ, ನಾಳೆ ಈದ್. ಬೀದಿಯಲ್ಲಿ ಪಟಾಕಿ ಸಿಡಿಯಿತು.

ಸರ್ವರ್ ಪಶ್ಚಿಮಕ್ಕೆ ನೋಡಿದಳು. ಕೆಳಗೆ ಮೋಡ, ಮೇಲೆ ಶುಕ್ರ. ಆ ಸಂಜೆಯ ಚಂದ್ರ ಕಣ್ಣಿಗೆ ಬೀಳದಷ್ಟು ಎಳೆಯನೆಂದು ಮಧ್ಯಾಹ್ನವಷ್ಟೇ ಅವಳೂ ಖುರ್ಷಿದನೂ ಮಾತಾಡಿಕೊಂಡಿದ್ದರು.

"ಅಬ್ಬಾಗೆ ಹೆಸರು ಹೇಳಿದ್ರಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಜನ ಚದುರಿದ ಮೇಲೆ ತಗ್ಗಿದ ದನಿಯಲ್ಲಿ ನುಡಿದ. "ನಾನು ಸುಮ್ನಿದ್ರೆ ಯಾರಿಗೂ ಗೊತ್ತಾಗಲ್ಲ. ಅವರ ಮುಖ ನೋಡಿದ್ರಲ್ಲ ನೀವು."

ಅವಳು ನೋಡಿದ್ದಳು. ಅಷ್ಟು ಬೆಳಗಿದ ಮುಖವನ್ನು ಕಂಡು ವರ್ಷಗಳಾಗಿದ್ದವು. ಆದರೆ ಊರಿಗೆ ಊರೇ ನಾಳಿನ ಉಪವಾಸ ತಪ್ಪಿಸುತ್ತದೆ. ಅದೂ ಈ ಅಂಗಳದಲ್ಲಿ ಕಣ್ಣಿಟ್ಟವರ ಮಾತು ನಂಬಿ. ಅದನ್ನು ಅರಿತೂ ಬಾಯಿ ಮುಚ್ಚಿಕೊಂಡರೆ, ನಾಳೆಯಿಂದ ಯಾರಿಗೆ ಏನನ್ನು ತೋರಿಸುವುದು?

"ಹೋಗಿ ಹೇಳಿ," ಎಂದಳು.

"ಹೇಳಿದ್ರೆ ನಿಮ್ಮನ್ನ ನನಗೆ ಕೊಡಲ್ಲ."

ಅವಳು ತನಗೆ ಬೇಕೆಂದು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವಳು ಬೇರೆ ಯಾವುದೋ ಸಂಜೆಯಲ್ಲಿ, ಬೇರೆ ಮಾತುಗಳಲ್ಲಿ ಅದನ್ನು ಕೇಳಲು ಕಾದಿದ್ದಳು.

"ಗೊತ್ತು. ಹೋಗಿ."

ಅವನು ಹೋದ. ಅವಳು ಗೇಟಿನ ಕಂಬಿ ಹಿಡಿದು ನಿಂತಳು. ಬಹಳ ಹೊತ್ತಿನ ಮೇಲೆ ಮೈಕು ಮತ್ತೆ ಗರಗರ ಎಂದಿತು: ಸಾಕ್ಷ್ಯದಲ್ಲಿ ತಪ್ಪಾಗಿದೆ, ನಾಳೆಯೂ ರೋಜಾ. ಬೀದಿಯಲ್ಲಿ ಯಾರೋ ನಕ್ಕರು. ಟ್ರಂಕ್ ಸಾಬರಿಗೆ ಕೊಳವೆಯೊಳಗೆ ಚಂದ್ರ ಹುಟ್ಟಿತಂತೆ ಎಂದರು.

ಮನೆಯಲ್ಲಿ ತಾಯಿ ರಹಿಮಾ ಬೀ ಹುರಿಯಲು ತೆಗೆದಿದ್ದ ಶಾವಿಗೆಯನ್ನು ಮತ್ತೆ ಡಬ್ಬಕ್ಕೆ ಸುರಿದರು. ಇಸಾಕ್ ಸಾಬ್ ಗೋಡೆಗೊರಗಿ ಕುಳಿತಿದ್ದರು. ತಪ್ಪು ತನ್ನದೂ ಹೌದೆಂದು, ತಾನು ನಕ್ಕದ್ದನ್ನೂ ಮುಚ್ಚಿಡದೆ, ಸರ್ವರ್ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ.

"ನಾನು ಕಂಡಿದ್ದು ಸುಳ್ಳಲ್ಲ ಬೇಟಿ."

"ಸುಳ್ಳಲ್ಲ ಅಬ್ಬಾ. ಅದು ಶುಕ್ರ."

"ಚೆನ್ನಾಗಿತ್ತು," ಎಂದರು. "ಹುಡುಗ ಮಾಡಿದ್ದು ಸರಿ. ಆದ್ರೆ ಪ್ರತಿ ಈದಿಗೂ ಅವನು ಅಳಿಯ ಅಂತ ಬಾಗಿಲಿಗೆ ಬಂದ್ರೆ, ಊರಿಗೆ ನನ್ನ ಕಣ್ಣು ನೆನಪಾಗುತ್ತೆ. ಅಷ್ಟು ದೊಡ್ಡ ಮನಸ್ಸು ನನಗಿಲ್ಲ ಬೇಟಿ."

ಆ ದನಿಯ ಎದುರು ವಾದ ಮಾಡಲು ಅವಳಿಗೆ ಸಾಧ್ಯವಾಗಲಿಲ್ಲ. ಕೋಪವಿದ್ದಿದ್ದರೆ ತಣಿಯಲೆಂದು ಕಾಯಬಹುದಿತ್ತು, ಅಲ್ಲಿ ಕೋಪವಿರಲಿಲ್ಲ. ಮರುದಿನ ಚಂದ್ರ ಎಲ್ಲರಿಗೂ ಕಾಣಿಸಿದ. ಇಸಾಕ್ ಸಾಬ್ ಅಂಗಡಿಯ ಒಳಗೇ ಉಳಿದರು.

ಹಬ್ಬ ಕಳೆದ ಮೇಲೆ ಖುರ್ಷಿದ್ ಶಾಲೆಯಲ್ಲಿ ಉಳಿದಿದ್ದ ಸಾಮಾನು ಒಯ್ಯಲು ಬಂದ. ಸಂಜೆ ಕುಣಿಗಲ್‌ನಲ್ಲಿ ಪ್ರದರ್ಶನವಿತ್ತು; ಗುಬ್ಬಿಗೆ ಇನ್ನು ಬರುವುದಿಲ್ಲವೆಂದು ಹೆಡ್‌ಮಾಸ್ಟರಿಗೆ ತಿಳಿಸಿದ್ದ. ಸರ್ವರ್ ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದಳು. ಜನ ನೋಡುತ್ತಾರೆಂಬ ಅಂಜಿಕೆ ಅಂದು ಅವಳಿಗಿರಲಿಲ್ಲ.

"ಸುಮ್ನಿದ್ದಿದ್ರೆ," ಎಂದ ಅವನು, ಬಸ್ಸಿನ ಕಡೆಗೇ ನೋಡುತ್ತ, "ಇಷ್ಟೊತ್ತಿಗೆ ನಮ್ಮಮ್ಮಿ ನಿಮ್ಮನೇಲಿ ಕೂತು ಟೀ ಕುಡಿದು ಹೋಗಿರ್ತಿದ್ರು."

"ಸುಮ್ನಿದ್ದಿದ್ರೆ ನಾನೇ ನಿಮ್ಮನ್ನ ಬೇಡ ಅಂತಿದ್ದೆ." ಅವಳು ಅವನ ಎದುರಿಗೆ ಬಂದು ನಿಂತಳು. "ಈಗ ಬೇಡ ಅನ್ನೋಕೆ ನನ್ನ ಹತ್ರ ಒಂದು ಕಾರಣಾನೂ ಉಳಿದಿಲ್ಲ."

ಅವನು ಅವಳನ್ನು ನೋಡಿದ. ನಡುವೆ ಟೆಲಿಸ್ಕೋಪ್ ಇಲ್ಲದೆ, ಬಗ್ಗಿದ ಬೆನ್ನುಗಳಿಲ್ಲದೆ, ಹಗಲು ಬೆಳಕಿನಲ್ಲಿ, ಇಬ್ಬರೂ ಕಣ್ಣು ತಪ್ಪಿಸಲಿಲ್ಲ. ಕಂಡಕ್ಟರ್ ಕುಣಿಗಲ್ ಕುಣಿಗಲ್ ಎಂದು ಕೂಗುತ್ತಿದ್ದ. ಅವನು ಹತ್ತಿ ಆಚೆ ಬದಿಯ ಸೀಟಿನಲ್ಲಿ ಕುಳಿತ. ಅವಳು ನಿಂತಿದ್ದ ಈಚೆ ಬದಿಯ ಕಿಟಕಿಗಳು ಖಾಲಿಯಿದ್ದವು. ಇತ್ತ ಕೂತು ತನ್ನನ್ನು ನೋಡಿದರೆ ಇಳಿದುಬಿಡುತ್ತಾನೆಂದು ಅವಳಿಗೂ ತಿಳಿದಿತ್ತು. ಅದಕ್ಕೇ ಅವಳೂ ಆಚೆಗೆ ಸುತ್ತಿ ಹೋಗಲಿಲ್ಲ.