ರಬ್ಬರ್ ಪಟ್ಟಿಯ ಕೆಳಗೆ

ಆನೆಗಳು ಹೊಳೆ ದಾಟುತ್ತಿದ್ದವು. ಬೆಳಕು ಹದವಾಗಿತ್ತು. ತಿಯೇಸೆ ಕ್ಯಾಮೆರಾ ಎತ್ತಿ ಗುಂಡಿ ಒತ್ತಿದಳು, ತೆರೆ ನೋಡಿದಳು, ಮತ್ತೆ ಒತ್ತಿದಳು. ಆಮೇಲೆ ದಂಡೆಯ ಮೇಲೇ ಕುಸಿದು ಕೂತಳು.

"ಏನಾಯ್ತೇ?" ಎಂದು ಕ್ಯಾಂಪಿನ ಅಡುಗೆಮನೆಯಿಂದಲೇ ಕೂಗಿದೆ.

"ಆನೆಗೆಲ್ಲ ಹೊಗೆ ಹಿಡಿದಿದೆ, ಝಕಾರಿಯಜ್ಜಾ!"

ಲೆನ್ಸಿನೊಳಕ್ಕೆ ಟಾರ್ಚ್ ಬಿಟ್ಟು ನೋಡಿದೆವು. ಗಾಜಿನ ಒಳಮೈ ತುಂಬ ಜೇಡರ ಬಲೆಯಂಥ ಬಿಳಿ ಎಳೆಗಳು. ಬೂಷ್ಟು.

ಹಿಂದಿನ ಸಂಜೆ ತೆಗೆದ ಚಿತ್ರದಲ್ಲಿ ಮಿಂಚುಳ್ಳಿಯ ಗರಿಗಳು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಒಂದೇ ರಾತ್ರಿಯಲ್ಲಿ ಬೂಷ್ಟು ಬೆಳೆಯುವುದಿಲ್ಲ. ಯಾರೋ ಲೆನ್ಸ್ ಬದಲಾಯಿಸಿದ್ದರು. ಜಾತಿ ಅದೇ, ಅಳತೆ ಅದೇ. ತಿಯೇಸೆ ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದ್ದ ಕಿರುಬೆರಳಗಲದ ಪಟ್ಟಿ ಕೂಡ ಮೇಲೆ ಹಾಗೇ ಇತ್ತು. ಅಗ್ಗದ ಉದ್ದ ಲೆನ್ಸು ಜೀಪಿನಲ್ಲಿ ಕುಲುಕಿದರೆ ಮೂತಿ ಜಾರಿ ಹೊರಬರುತ್ತದೆ. ಅದಕ್ಕೇ ಲುವಾಂಗ್ವಾ ಹೊಳೆಯ ಗೈಡುಗಳೆಲ್ಲ ಹೀಗೆ ಟ್ಯೂಬಿನ ಪಟ್ಟಿ ಬಿಗಿಯುತ್ತಾರೆ.

ಸಂಜೆ ಸಫಾರಿ ಕ್ಯಾಂಪಿನ ಒಡತಿ ಬರುವವಳಿದ್ದಳು. ಹೊಸ ಫೋಟೊ ಜೀಪಿಗೆ ಒಬ್ಬರೇ ಗೈಡ್, ತಿಯೇಸೆ ಇಲ್ಲವೇ ಕಪೆಂಬ್ವಾ. ಯಾರ ಚಿತ್ರ ಚೆನ್ನಾಗಿದೆಯೋ ಅವರಿಗೆ ಕೆಲಸ. ಸೋತರೆ ತಿಯೇಸೆಗೆ ಮತ್ತೆ ಅತಿಥಿಗಳ ಹಾಸಿಗೆ ಕೊಡವುವುದೇ ಗತಿ. ಹುಡುಗಿ ಎಷ್ಟು ಆಸೆ ಇಟ್ಟುಕೊಂಡಿದ್ದಳೆಂದು ನನಗೆ ಗೊತ್ತು.

ಕಪೆಂಬ್ವಾ ಹಲ್ಲುಜ್ಜುತ್ತಾ ಬಂದ. ಅವನು ಬೆಂಬಾ ಬುಡಕಟ್ಟಿನವನು, ಅವಳು ಎನ್ಗೋನಿ. ರಕ್ತಸಂಬಂಧವಿಲ್ಲ; ತಾತಂದಿರು ಬಡಿದಾಡಿ ರಾಜಿಯಾದದ್ದಕ್ಕೆ ನಮ್ಮ ವಾಡಿಕೆಯಂತೆ ಮೊಮ್ಮಕ್ಕಳು ಕಸಿನ್‌ಗಳು. ಬಾಯಿಗೆ ಬಂದಂತೆ ಬೈಯಬಹುದು, ತಟ್ಟೆಯ ಕೋಳಿ ಕಸಿಯಬಹುದು, ಯಾರೂ ಮುನಿಸಿಕೊಳ್ಳುವಂತಿಲ್ಲ. ದಿನಾ ಬೆಳಗ್ಗೆ "ಇಲಿ ತಿನ್ನೋಳೇ" ಎಂದು ಅವನು, "ಕೋತಿ ತಿನ್ನೋನೇ" ಎಂದು ಅವಳು.

"ಪಾಪ, ತಿಯೇಸೆ," ಎಂದ ಕಪೆಂಬ್ವಾ. "ಲೆನ್ಸ್ ಮಾರಿದ ಆ ಚಿಪಾಟಾ ಪೇಟೆಯ ಯೂಸುಫ್ ನಿಂಗೆ ಟೋಪಿ ಹಾಕಿದಾನೆ."

*

ಇನ್ಸ್‌ಪೆಕ್ಟರ್ ಎಲಿನಾ ಮ್ವಾಲೆ ನನ್ನ ಫೋನು ಕೇಳಿ ಬಂದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ರಾತ್ರಿ ಲೆನ್ಸ್ ಎಲ್ಲಿತ್ತು?"

"ನನ್ನ ಅಕ್ಕಿ ಡಬ್ಬದಲ್ಲಿ, ಅಮಾಯಿ," ಎಂದೆ, ಅಮ್ಮಾ ಎನ್ನುವ ಮರ್ಯಾದೆಯಲ್ಲಿ. "ತೇವ ಹಿಡೀಬಾರದು ಅಂತ ಅವಳೇ ಇಡ್ತಾಳೆ."

"ಅಡುಗೆಮನೆಗೆ ಬೀಗ?"

"ಇಲ್ಲ."

"ಅಂದ್ರೆ ನೀನೇ ಮೊದಲ ಕಳ್ಳ."

ತಲೆ ನರೆಯುವವರೆಗೆ ಇಲ್ಲೇ ಎನ್ಶಿಮಾ ಮುದ್ದೆ ತೊಳಸಿದ್ದೇನೆ. ಒಂದು ಚಮಚೆ ಕದ್ದವನಲ್ಲ. ಆದರೆ ಅವಳ ಜಾಗದಲ್ಲಿದ್ದರೆ ನಾನೂ ನನ್ನನ್ನೇ ಹಿಡಿಯುತ್ತಿದ್ದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗುತ್ತದೆಂದು ವಾದಿಸದೆ ಅಕ್ಕಿ ಡಬ್ಬ ತಂದು ಅವಳ ಮುಂದಿಟ್ಟೆ.

ಆಮೇಲೆ ಯೂಸುಫನಿಗೆ ಫೋನು. ಎಲ್ಲರಿಗೂ ಕೇಳುವಂತೆ ಇಟ್ಟಳು.

"ಮೋಸನಾ? ನಾನಾ?" ಯೂಸುಫ್ ಸಿಡಿದ. "ಹೋದ ವಾರ ಆ ಹುಡುಗಿ ಬಂದು ಬಯಲಿಗೊಂದು, ಮೃಗಕ್ಕೊಂದು ಅಂತ ಎರಡು ಲೆನ್ಸ್ ಕೇಳಿದ್ಲು. ಬೇಡಮ್ಮಾ, ಬಯಲಿಗೂ ಗುಡ್ಡಕ್ಕೂ ಕ್ಯಾಮೆರಾ ಜೊತೆ ಬಂದ ಸಣ್ಣದೇ ಸಾಕು, ದುಡ್ಡೆಲ್ಲ ಉದ್ದದ್ದಕ್ಕೆ ಹಾಕು ಅಂದೆ. ಹೊಸದೂ ಬೇಡ, ಹಳೇದು ತಗೋ, ಒಳಗೆ ಟಾರ್ಚ್ ಬಿಟ್ಟು ನೋಡ್ಕೋ ಅಂದೆ. ಮೋಸ ಮಾಡೋನು ಟಾರ್ಚ್ ಕೈಗೆ ಕೊಡ್ತಾನಾ, ಮೇಡಂ?"

"ನಂಬರ್ ಬರ್ಕೊಂಡಿದೀಯಾ?"

"ಹಳೇ ಮಾಲು. ನಂಬರ್ ಯಾವಾಗಲೋ ಸವೆದು ಹೋಗಿತ್ತು."

"ನನ್ನದೂ ಅವನದೇ ಅಂಗಡಿಯದ್ದು," ಎಂದ ಕಪೆಂಬ್ವಾ. ಕೇಳದೆಯೇ ತನ್ನ ಲೆನ್ಸ್ ತಂದು ಮುಂದಿಟ್ಟ. ಮೇಲೆ ಟ್ರ್ಯಾಕ್ಟರ್ ಟ್ಯೂಬಿನ ಅಂಗೈಯಗಲದ ಪಟ್ಟಿ. "ನೋಡ್ಕೊಳ್ಳಿ. ಬೂಷ್ಟಿಲ್ಲ. ಮಳೆಗೆ ಮುಂಚೆ ಕೊಂಡಿದ್ದು. ಚೆನ್ನಾಗಿರೋದು ಇರೋವಾಗ ಅವಳದು ನಂಗ್ಯಾಕೆ?"

ಇನ್ಸ್‌ಪೆಕ್ಟರ್ ಟಾರ್ಚ್ ಬಿಟ್ಟಳು. ಗಾಜು ಕನ್ನಡಿಯಂತಿತ್ತು.

*

ನಾನು ಚಹಾ, ವಿತುಂಬುವಾ ಬೋಂಡ, ಬೇಯಿಸಿದ ಮೊಟ್ಟೆ ಕೊಟ್ಟೆ. ಇನ್ಸ್‌ಪೆಕ್ಟರ್ ಉಪ್ಪಿನ ಡಬ್ಬ ಅಲ್ಲಾಡಿಸಿದಳು. ಉದುರಲಿಲ್ಲ.

"ಇದೇನು, ಕಲ್ಲಾ?"

"ಮಳೆಗಾಲದಲ್ಲಿ ಕ್ಯಾಂಪ್ ಮುಚ್ತೀವಲ್ಲ, ಅಮಾಯಿ. ಉಗ್ರಾಣದಲ್ಲಿಟ್ಟ ಉಪ್ಪು ನೀರಾಗಿ ಆಮೇಲೆ ಕಲ್ಲಾಯ್ತು. ಹಾಸಿಗೆಗೆಲ್ಲ ಬೂಷ್ಟು."

ಅವಳ ಕೈ ನಿಂತಿತು.

"ಉಗ್ರಾಣದಲ್ಲಿ ಇನ್ನೇನಿತ್ತು?"

"ಪಾತ್ರೆ, ಲಾಂದ್ರ. ಕಪೆಂಬ್ವಾನ ತಗಡಿನ ಪೆಟ್ಟಿಗೆ. ಊರಿಗೆ ಹೋಗೋವಾಗ ಬೂಟು, ಕ್ಯಾಮೆರಾ ಎಲ್ಲ ಅದರಲ್ಲೇ ಬಿಟ್ಟು ಹೋದ."

ಕಪೆಂಬ್ವಾನ ಬೋಂಡ ಬಾಯಲ್ಲೇ ಉಳಿಯಿತು.

"ಉಪ್ಪು ಹಾಳಾಯ್ತು, ಹಾಸಿಗೆ ಹಾಳಾಯ್ತು," ಎಂದಳು ಇನ್ಸ್‌ಪೆಕ್ಟರ್. "ನಿನ್ನ ಗಾಜು ಮಾತ್ರ ಫಳಫಳ."

"ಅದೃಷ್ಟ, ಅಮಾಯಿ."

"ಎರಡೂ ಲೆನ್ಸಿನ ಪಟ್ಟಿ ಬಿಚ್ಚಿ."

ತಿಯೇಸೆ ಬೂಷ್ಟು ಹಿಡಿದ ಲೆನ್ಸಿನ ಕಿರುಪಟ್ಟಿ ಕಳಚಿದಳು. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ ಮೈ ಮಧ್ಯೆ, ಕಡುಗಪ್ಪು ಬಣ್ಣ ಉಳಿದ ಅಂಗೈಯಗಲದ ಒಂದು ಪಟ್ಟೆ. ಕಪೆಂಬ್ವಾನ ಅಗಲ ರಬ್ಬರನ್ನು ಅದರ ಮೇಲೆ ಇಟ್ಟರು. ಅಂಚಿಗೆ ಅಂಚು ಕೂತಿತು. ಅವನು ತೋರಿಸಿದ ಲೆನ್ಸಿನಲ್ಲಿ ಆ ಪಟ್ಟಿ ಮುಚ್ಚಿದ್ದಲ್ಲೂ ಸುತ್ತಲೂ ಒಂದೇ ಬೂದಿ, ಗುರುತೇ ಇಲ್ಲ.

"ಪಟ್ಟಿ ಬದಲಾಯಿಸಿದೆ," ಎಂದಳು ಇನ್ಸ್‌ಪೆಕ್ಟರ್. "ಬಿಸಿಲು ಹಾಕಿದ ಮುದ್ರೆ ಬದಲಾಯಿಸೋಕೆ ಆಗಲಿಲ್ಲ. ಪೆಟ್ಟಿಗೆ ತೆಗೆದಾಗ ನಿನ್ನದು ಕೆಟ್ಟಿತ್ತು. ಇವತ್ತು ಸಂಜೆ ಚಿತ್ರ ತೋರಿಸಬೇಕಿತ್ತು. ಅಕ್ಕಿ ಡಬ್ಬ ಎಲ್ಲಿದೆ ಅಂತ ಗೊತ್ತಿತ್ತು. ಸರಿನಾ?"

ಕಪೆಂಬ್ವಾ ಜೋರಾಗಿ ನಕ್ಕ. ತುಂಬ ಜೋರಾಗಿ.

"ಅಯ್ಯೋ, ತಮಾಷೆಗೆ ಅಮಾಯಿ! ನಾವು ಕಸಿನ್‌ಗಳು. ಕಸಿನ್ ಕಸಿನ್‌ದು ತಗೊಂಡ್ರೆ ಕೇಸ್ ಆಗುತ್ತಾ? ನಿಮ್ಮಪ್ಪನ ಕಾಲದಲ್ಲೂ ಆಗಿಲ್ಲ."

ಮಾತು ಸುಳ್ಳಲ್ಲ. ಇನ್ಸ್‌ಪೆಕ್ಟರ್ ತಿಯೇಸೆಯತ್ತ ತಿರುಗಿದಳು.

"ನಿನ್ನ ಕಸಿನ್. ತಮಾಷೆನೋ ಕಳ್ಳತನನೋ, ನೀನೇ ಹೇಳು."

ತಿಯೇಸೆ ಬೂಷ್ಟಿಲ್ಲದ ತನ್ನ ಲೆನ್ಸನ್ನು ಎತ್ತಿಕೊಂಡಳು. ಕಿರುಪಟ್ಟಿ ಅದಕ್ಕೆ ಬಿಗಿದಳು.

"ದಿನಾ ನನ್ನನ್ನ ಇಲಿ ತಿನ್ನೋಳೇ ಅಂತೀಯ. ಇವತ್ತು ನಾನು ದಂಡೆ ಮೇಲೆ ಅಳ್ತಾ ಕೂತಿದ್ದೆ. ತಮಾಷೆ ಆಗಿದ್ರೆ ಹೊಟ್ಟೆ ಹಿಡ್ಕೊಂಡು ನಗಬೇಕಿತ್ತು ನೀನು. 'ಪಾಪ' ಅಂದೆ." ಕ್ಯಾಮೆರಾ ಹೆಗಲಿಗೇರಿಸಿದಳು. "ಕಸಿನ್ ಯಾವತ್ತೂ ಪಾಪ ಅನ್ನಲ್ಲ. ಕರ್ಕೊಂಡು ಹೋಗಿ, ಅಮಾಯಿ."

ಪೊಲೀಸ್ ಜೀಪಿನ ಬಾಗಿಲು ಹಾಕಿದ ಸದ್ದು ಕೇಳುವ ಹೊತ್ತಿಗೆ ಅವಳಾಗಲೇ ಹೊಳೆಯ ದಂಡೆ ಸೇರಿದ್ದಳು. ಆನೆಗಳು ಇನ್ನೂ ಆಚೆ ದಂಡೆಯಲ್ಲೇ ಇದ್ದವು.