ಡ್ರಾವರಿನಲ್ಲಿದ್ದ ಮೊದಲರ್ಧ

ಪೆನ್ನು ಹುಡುಕಲು ತಿಪ್ಪೇಶನ ಗೆಸ್ಟ್ ಹೌಸಿನ ಕೌಂಟರಿನ ಡ್ರಾವರ್ ಎಳೆದೆ. ಕೈಗೆ ಸಿಕ್ಕಿದ್ದು ಅರ್ಧ ಪುಸ್ತಕ. ಅದರ ಕೊನೆಯ ವಾಕ್ಯ ನಡುವೆಯೇ ತುಂಡಾಗಿತ್ತು. ಆ ವಾಕ್ಯದ ಉಳಿದ ಭಾಗ ನನಗೆ ಬಾಯಿಪಾಠವಾಗಿತ್ತು. ನಾನು ಓದುತ್ತಿದ್ದ ಪುಸ್ತಕ ಶುರುವಾಗುತ್ತಿದ್ದುದೇ ಅದರಿಂದ.

ಮಹಾಯುದ್ಧ ಮುಗಿದ ಮೇಲೆ ಆ ಪುಸ್ತಕ ಬರೆದ ಫ್ರೆಂಚ್ ಕಾದಂಬರಿಕಾರ ವಿಚಿತ್ರ ಪ್ರಯೋಗಗಳಿಗೆ ಹೆಸರಾದವನು. ಅವನನ್ನು ಎಲ್ಲಿಂದ ಓದಲು ಶುರು ಮಾಡಬೇಕೆಂದು ಹೊಸಪೇಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನನಗೇ ಗೊತ್ತಿರಲಿಲ್ಲ. ಹಂಪಿಯಲ್ಲಿ ಗೆಸ್ಟ್ ಹೌಸ್ ನಡೆಸುವ ತಿಪ್ಪೇಶ, "ಇಲ್ಲಿಂದ ಶುರು ಮಾಡ್ರಿ ಮೇಡಂ" ಎಂದು ಟೂರಿಸ್ಟುಗಳು ಬಿಟ್ಟುಹೋದ, ರಟ್ಟಿಲ್ಲದ ಪುಸ್ತಕ ಕೊಟ್ಟಿದ್ದ. ವಾಕ್ಯದ ನಡುವಿನಿಂದಲೇ ಶುರು. ಪುಟಸಂಖ್ಯೆಯೂ ನಡುವಿನಿಂದ. ಅದೂ ಪ್ರಯೋಗವೇ ಅಂದುಕೊಂಡೆ, ಜಾಣೆ.

ಪ್ರತಿ ಭಾನುವಾರ ಬಂದು, ಚಹಾ ಹೀರುತ್ತಾ, "ಆದಿಯೇ ಇಲ್ಲದ ಕಾದಂಬರಿ" ಎಂದು ಭಾಷಣ ಬಿಗಿಯುತ್ತಿದ್ದೆ. ಅವನು ನನ್ನ ಮುಖವನ್ನೇ ನೋಡುತ್ತಾ ಹೂಂಗುಟ್ಟುತ್ತಿದ್ದ. ನಾಳೆ ಕಾಲೇಜಿನ ಸೆಮಿನಾರಿನಲ್ಲಿ ಅದನ್ನೇ ಮಾತಾಡುವವಳಿದ್ದೆ.

ತಿಪ್ಪೇಶ ಚಹಾ ಹಿಡಿದು ಬಂದವನು ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಅಲ್ಲೇ ನಿಂತ.

"ಇದೇನ್ರಿ?" ಎಂದೆ.

"ಟೂರಿಸ್ಟ್ ಮಂದಿ ಭಾರ ಆಗ್ತೈತಂತ ಓದಿದ ಅರ್ಧ ಹರಿದು ರೂಮಿನಾಗಿಟ್ಟು, ಉಳಿದರ್ಧ ಹಿಡ್ಕೊಂಡು ಗುಡ್ಡ ಹತ್ತತಾರ್ರಿ. ಊರಿಗೆ ಹೋಗೋವಾಗ ಎರಡೂ ಬಿಟ್ಟು ಹೋಗ್ತಾರ."

"ಎರಡೂ ಇದ್ದವಲ್ಲ. ಒಂದ ಯಾಕ ಕೊಟ್ರಿ?"

"ಕೊಡೋವಾಗ ಗೊತ್ತಿರಲಿಲ್ಲರಿ. ಆಮ್ಯಾಲ ಇದು ಸಿಕ್ತು." ಅವನು ಚಹಾದ ಕಪ್ಪನ್ನೇ ನೋಡುತ್ತಿದ್ದ. "ಪೂರ್ತಿ ಓದಿ ಮುಗಿಸಿದ್ರ ಮತ್ತ ಬರೂದಿಲ್ಲ ಅನಿಸ್ತು."

"ನಾಳೆ ಎಲ್ಲರ ಮುಂದ ನನ್ನ ಮಾನ ಹೋಗ್ತಿತ್ತು."

"ಇವತ್ತ ಹೇಳಾವ ಇದ್ದೆರಿ. ಬೆಳಗಿಂದ ಬಾಯಿಗೇ ಬರವಲ್ದು. ನೀವಂದ್ರ ನನಗ ಭಾಳ ಇಷ್ಟರಿ."

ಸಿಟ್ಟು ನೆತ್ತಿಗೇರಿತು. ಪುಸ್ತಕ ಬ್ಯಾಗಿಗೆ ತುರುಕಿ ಹೊರಗೆ ಬಂದು ಆಟೋ ಹತ್ತಿದೆ. ಅವನು ತಡೆಯಲಿಲ್ಲ. ಎರಡೂ ಅರ್ಧ ಈಗ ನನ್ನಲ್ಲಿದ್ದವು, ಇನ್ನು ಹಂಪಿಗೆ ಬರುವ ಕೆಲಸವೇ ಇರಲಿಲ್ಲ. ಹಾಗೆಂದುಕೊಂಡ ಕ್ಷಣ ಕಣ್ಣು ತುಂಬಿ ಬಂತು. ಅದರಿಂದ ನನಗೇ ಇನ್ನೊಮ್ಮೆ ಆಘಾತವಾಯಿತು. ಆಟೋ ನಿಲ್ಲಿಸಿ ಇಳಿದು ವಾಪಸು ನಡೆದೆ.

ಅವನು ಅದೇ ಕಪ್ಪು ಹಿಡಿದು ಅಲ್ಲೇ ನಿಂತಿದ್ದ. ಪುಸ್ತಕ ತೆಗೆದು ಕೌಂಟರಿನ ಮೇಲಿಟ್ಟೆ.

"ಇದು ಇಲ್ಲೇ ಇರ್ಲಿ, ಮನಿಗೆ ಒಯ್ಯಂಗಿಲ್ಲ," ಎಂದೆ. "ನಾಳಿಗೆ ಬೇಕಾದಷ್ಟ ಇವತ್ತ ಓದ್ತೀನಿ. ಉಳಿದಿದ್ದು ಬರೋ ಭಾನುವಾರ. ಚಹಾ ಆರಿ ಹೋತು, ಬ್ಯಾರೆ ಮಾಡ್ಕೊಂಡು ಬರ್ರಿ."

ಕುರ್ಚಿ ಎಳೆದುಕೊಂಡು ಮೊದಲ ಪುಟ ತೆರೆದೆ.