ಉಳಿ ಎತ್ತದ ಕುಂಬಾರ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದ ಕಾಲದಲ್ಲಿ ಆಲೆಗೆರೆ ಅಂತ ಒಂದು ರಾಜ್ಯವಿತ್ತು. ಅದಕ್ಕೊಬ್ಬ ರಾಜ. ಅವನಿಗೆ ಚದುರಂಗದ ಹುಚ್ಚು. ಇರಲಿ ಬಿಡಿ, ರಾಜನಿಗೂ ಹೊತ್ತು ಹೋಗಬೇಕಲ್ಲ. ಆದರೆ ಈ ಮಹಾರಾಯನಿಗೆ ಸಾದಾ ಕಾಯಿಗಳು ಸಾಲಲಿಲ್ಲ, ಹೇಳಿದ ಮನೆಗೆ ತಾವೇ ನಡೆದು ಹೋಗುವ ಕಾಯಿಗಳು ಬೇಕು ಅಂದ. ಮರ ಕಡೆಯುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡಿದ್ದ ಅರಮನೆಯ ಮುದ್ದೋಜ, ಅಂಥದ್ದು ಮನುಷ್ಯರ ಕೆಲಸವಲ್ಲ ಪ್ರಭು ಅಂದುಬಿಟ್ಟ. ಆಗ ಬೆಟ್ಟದ ಮೇಲಿನ ಮಂತ್ರವಾದಿ ಕೊರಡಯ್ಯ ಇಳಿದು ಬಂದ. ನಾನು ಮಾಡಿಕೊಡುತ್ತೇನೆ, ಹೇಗೆ ಅಂತ ಮಾತ್ರ ಕೇಳಕೂಡದು ಅಂದ. ರಾಜ ಕೇಳಲಿಲ್ಲ. ಕೇಳಬೇಕಿತ್ತು, ಅಷ್ಟೂ ಬುದ್ಧಿ ಬೇಡವೇ?

ಮೊದಲು ಕಾಣೆಯಾದವನು ಮುದ್ದೋಜನೇ. ಆಮೇಲೆ ಊರಿನಲ್ಲಿ ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಅದು ಹೇಗೆ ಅಂತ ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಳಿಗ್ಗೆ ಹಾಸಿಗೆ ಕೊಡವಿದರೆ ಮರದ ಸಿಪ್ಪೆ ಉದುರುತ್ತಿತ್ತು, ಉಳಿಯಲ್ಲಿ ಹೆರೆದ ಹಾಗೆ ತೆಳ್ಳಗೆ, ಸುರುಳಿ ಸುರುಳಿಯಾಗಿ. ಆ ಹಾಸಿಗೆಯಲ್ಲಿ ಮಲಗಿದವರು ದಿನದಿನಕ್ಕೆ ಸಣ್ಣಗಾಗುತ್ತಿದ್ದರು. ಆಮೇಲೆ ಅವರ ದನಿ ಸಣ್ಣಗಾಗುತ್ತಿತ್ತು. ಆಮೇಲೆ ನಡೆದರೆ ಟಕ್ ಟಕ್ ಅಂತ ಮರ ಬಡಿದ ಸದ್ದು. ಕೊನೆಗೊಂದು ಬೆಳಿಗ್ಗೆ ಹಾಸಿಗೆಯಲ್ಲಿ ಸಿಪ್ಪೆ ಇರುತ್ತಿತ್ತು, ಮನುಷ್ಯ ಇರುತ್ತಿರಲಿಲ್ಲ. ಅದೇ ದಿನ ಅರಮನೆಯಲ್ಲಿ ಹೊಸ ಕಾಯಿಯೊಂದು ಚದುರಂಗದ ಮಣೆಯ ಮೇಲೆ ನಡೆದಾಡುತ್ತಿತ್ತು. ರಾಜ ಚಪ್ಪಾಳೆ ತಟ್ಟುತ್ತಿದ್ದ.

ಬೆಟ್ಟದ ಮೇಲೆ ಕೊರಡಯ್ಯ ಒಂದೊಂದು ಮರದ ತುಂಡಿಗೆ ಒಬ್ಬೊಬ್ಬರ ಹೆಸರು ಊದಿ ಕಡೆಯುತ್ತಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದು ಏನು ಮಾಡುವುದು? ಅವನನ್ನು ಕೇಳಲು ಬೆಟ್ಟಕ್ಕೆ ಹೋದವರು ಯಾರೂ ತಿರುಗಿ ಬರಲಿಲ್ಲ. ತಮ್ಮವರ ಮೈಯಿಂದ ಉದುರಿದ ಸಿಪ್ಪೆಯನ್ನು ಒಲೆಗೆ ಹಾಕಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ. ಮಡಕೆಯಲ್ಲಿ ತುಂಬಿ, ಬಾಯಿ ಕಟ್ಟಿ, ದೇವರ ಕೋಣೆಯಲ್ಲಿ ಇಟ್ಟುಕೊಂಡರು. ಆ ಮಡಕೆಗಳನ್ನೆಲ್ಲ ಮಾಡಿಕೊಟ್ಟವನು ಊರ ಕುಂಬಾರ ಚಿಕ್ಕೀರ. ಒಂದೊಂದು ಮಡಕೆ ಕೊಡುವಾಗಲೂ ಅವನು ತಲೆ ತಗ್ಗಿಸಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ಅವನ ಮನೆಯ ಚಾಪೆಯ ಮೇಲೂ ಸಿಪ್ಪೆ ಇತ್ತು. ಅದು ಅವನ ಹೆಂಡತಿ ದೇವೀರಿ ಮಲಗುವ ಕಡೆ.

ದೇವೀರಿ ಏನೂ ಆಗದವಳ ಹಾಗೆ ಅದನ್ನು ಗುಡಿಸಿ ತೆಗೆದಳು. ಅವಳು ಗಟ್ಟಿ ಹೆಂಗಸು. ಆವಿಗೆಯಲ್ಲಿ ಮಡಕೆ ಸುಡುವಾಗ ಬೆಂಕಿ ಹಾರಿ ಎಡಗೈ ಮಣಿಕಟ್ಟಿನ ಮೇಲೆ ಎಲೆಯಾಕಾರದ ಕಲೆ ಬಿದ್ದಿತ್ತು, ಆವತ್ತೂ ಅತ್ತವಳಲ್ಲ. ಆದರೆ ಬಳೆ ಜಾರಿ ಜಾರಿ ಬೀಳುವಷ್ಟು ಕೈ ಸಣ್ಣಗಾದ ದಿನ ಅವಳೇ ಬಾಯಿಬಿಟ್ಟಳು.

"ಏನಂದ್ರೆ, ನನಗೆ ಭಯ ಆಗ್ತಿದೆ. ನನ್ನನ್ನ ಮಡಕೆಯಲ್ಲಿ ಇಡಬೇಡಿ."

ಆ ದನಿ ಸೊಳ್ಳೆಯ ದನಿಯಷ್ಟು ಸಣ್ಣಗಿತ್ತು. ಚಿಕ್ಕೀರ ತಿಗರಿಯ ಮೇಲಿನ ಮಣ್ಣನ್ನು ಹಾಗೇ ಬಿಟ್ಟು ಬೆಟ್ಟ ಹತ್ತಿದ. ಅವಳ ಹೆಸರಿನ ಮರದ ತುಂಡು ಸಿಕ್ಕರೆ ಹೊತ್ತು ತಂದುಬಿಡುವುದು, ಇಷ್ಟೇ ಅವನ ತಲೆಯಲ್ಲಿ ಇದ್ದದ್ದು. ಧೈರ್ಯವಂತ ಅಂದುಕೊಳ್ಳಬೇಡಿ, ದಾರಿಯುದ್ದಕ್ಕೂ ತಿರುಗಿ ತಿರುಗಿ ಊರಿನ ಕಡೆ ನೋಡುತ್ತಿದ್ದ.

ಕೊರಡಯ್ಯನ ಕೆಲಸದ ಮನೆಯಲ್ಲಿ ಗೋಡೆಯುದ್ದಕ್ಕೂ ಮರದ ತುಂಡುಗಳು ಒರಗಿದ್ದವು. ಮಧ್ಯದಲ್ಲಿ ತಿರುಗಣಿ. ಎರಡು ಗೂಟಗಳ ನಡುವೆ ಮರ ಸಿಕ್ಕಿಸಿ, ಅದಕ್ಕೆ ಬಿಲ್ಲಿನಂಥ ಕಮಾನಿನ ಹಗ್ಗ ಸುತ್ತಿದ್ದರು. ಎಡಗೈಯಲ್ಲಿ ಕಮಾನು ಹಿಂದೆ ಮುಂದೆ ಆಡಿಸಿದರೆ ಮರ ಗಿರಗಿರ ತಿರುಗುತ್ತದೆ, ಬಲಗೈಯ ಉಳಿ ಅದನ್ನು ಹೆರೆಯುತ್ತದೆ. ಇಷ್ಟು ಕೆಲಸ ನಡೆಯುವ ಆ ಮನೆಯ ನೆಲದಲ್ಲಿ ಒಂದು ಚೂರು ಸಿಪ್ಪೆಯೂ ಇರಲಿಲ್ಲ. ಅದೆಲ್ಲ ಊರಿನ ಹಾಸಿಗೆಗಳಲ್ಲಿ ಬೀಳುತ್ತಿತ್ತಲ್ಲ. ಮೂಲೆಯಲ್ಲಿ ಮಾತ್ರ ಕಾಳು ತುಂಬಿಡುವಂಥ ಆಳೆತ್ತರದ ಒಂದು ಮಣ್ಣಿನ ವಾಡೆ, ಅದರ ತುಂಬ ಬೂದು ಬಣ್ಣದ ಸಿಪ್ಪೆ. ತಿರುಗಣಿಯ ಕೆಳಗೆ ಒಂದು ಮರದ ಹುಲಿ ಮಲಗಿತ್ತು. ಹಲ್ಲುಗಳೆಲ್ಲ ಉಳಿಗಳು. ಅದು ಉಸಿರಾಡುತ್ತಿತ್ತು.

ಕೊರಡಯ್ಯ ನೋಡಲು ಹದಿಹರೆಯದವನ ಹಾಗಿದ್ದ. ಬಲಗೈ ಮಾತ್ರ ಮೊಣಕೈವರೆಗೆ ಮರವಾಗಿ ಸೆಟೆದುಕೊಂಡಿತ್ತು. ಜನರನ್ನು ಕಡೆದ ಕೈಗೆ ಇನ್ನೇನಾಗಬೇಕು? ಆ ಕೈಯಲ್ಲಿ ಇನ್ನು ಉಳಿ ಹಿಡಿಯಲಾಗದೆ ಅವನಿಗೊಬ್ಬ ಶಿಷ್ಯ ಬೇಕಾಗಿತ್ತು. ಕಡೆಯುವ ಕೆಲಸ ಬಲ್ಲವರೆಲ್ಲ ರಾಜ್ಯ ಬಿಟ್ಟು ಓಡಿಹೋಗಿದ್ದರು.

ಕೆಲಸ ಕಲಿಯಲು ಬಂದೆ ಸ್ವಾಮಿ ಅಂದ ಚಿಕ್ಕೀರ. ಏನು ಕಸುಬು ಅಂತ ಕೊರಡಯ್ಯ ಕೇಳಿದ. ಕುಂಬಾರ ಅಂದದ್ದಕ್ಕೆ ಬಹಳ ಹೊತ್ತು ನಕ್ಕ. ಆಮೇಲೆ ಮೂರು ಪರೀಕ್ಷೆ ಅಂದ. ಗೆದ್ದರೆ ಶಿಷ್ಯ, ಸೋತರೆ ಹುಲಿಗೆ ಊಟ.

ಮೊದಲನೆಯದು, ಕಣ್ಣು ಕಟ್ಟಿಕೊಂಡು ಮರದ ತುಂಡಿನ ನಡು ಹುಡುಕುವುದು. ನಡು ತಪ್ಪಿದರೆ ಮರ ತಿರುಗುವಾಗ ಕುಣಿದು ಕಿತ್ತುಕೊಂಡು ಬರುತ್ತದೆ. ಹುಲಿ ಬಂದು ಅವನ ಕತ್ತಿನ ಹಿಂದೆ ನಿಂತಿತು. ಅದರ ಉಸಿರಿಗೆ ಅರಗಿನ ವಾಸನೆ. ಆದರೆ ನಡು ಹುಡುಕುವುದೆಂದರೆ ಕುಂಬಾರನಿಗೆ ದಿನದ ಕೆಲಸ. ಅವನ ಹೆಬ್ಬೆರಳು ನೇರ ಅಲ್ಲಿಗೇ ಹೋಗಿ ಕೂತಿತು.

ಎರಡನೆಯದು, ಒಂದು ಬುಗುರಿ ಕಡೆಯುವುದು. ಕೊರಡಯ್ಯ ಪಾಠ ಹೇಳಿದ. ಕಮಾನು ಮುಂದೆ ಹೋದಾಗ ಮರ ನಿನ್ನ ಕಡೆ ತಿರುಗುತ್ತದೆ, ಆಗ ಉಳಿ ಒತ್ತು. ಕಮಾನು ಹಿಂದೆ ಬಂದಾಗ ಮರ ಉಲ್ಟಾ ತಿರುಗುತ್ತದೆ, ಆಗ ಉಳಿ ಎತ್ತು. ಒತ್ತು, ಎತ್ತು. ಇಷ್ಟೇ ವಿದ್ಯೆ.

ಇಷ್ಟೇ ಅಂತ ಹೇಳುವುದು ಸುಲಭ. ಕಾಲಿನ ಹೆಬ್ಬೆರಳಲ್ಲಿ ಉಳಿಗೆ ಆನಿಕೆ ಕೊಟ್ಟು, ಒಂದು ಕೈಯಲ್ಲಿ ಕಮಾನು, ಇನ್ನೊಂದರಲ್ಲಿ ಉಳಿ ಆಡಿಸಿ ನೋಡಿ, ಗೊತ್ತಾಗುತ್ತದೆ. ಅದರ ಮೇಲೆ ಚಿಕ್ಕೀರನದು ಕುಂಬಾರನ ಕೈ. ತಿಗರಿ ಒಂದೇ ಕಡೆ ತಿರುಗುತ್ತದೆ, ಕೈ ಮಣ್ಣನ್ನು ಬಿಡುವ ಹಾಗಿಲ್ಲ, ಬಿಟ್ಟರೆ ಮಡಕೆ ಕೆಟ್ಟಿತು. ಎತ್ತು ಅಂತ ಬುದ್ಧಿ ಹೇಳಿದರೂ ಕೈ ಎತ್ತಲಿಲ್ಲ. ಉಲ್ಟಾ ತಿರುಗಿದ ಮರ ಉಳಿಯನ್ನು ಎಗರಿಸಿತು, ಕಾಲು ಸೀಳಿತು, ರಕ್ತ ಹರಿಯಿತು.

ಕೊರಡಯ್ಯ ಹಾರಿ ಬಂದು ಕಮಾನು ಕಿತ್ತುಕೊಂಡ.

"ಹಿಂದೆ ಬರುವಾಗ ಉಳಿ ಎತ್ತು ಅಂದೆನಲ್ಲ! ಇನ್ನೊಂದು ಸಲ ಹೀಗೆ ಮಾಡಿದರೆ ನಿನ್ನ ಕೈ ಕಡಿಯುತ್ತೇನೆ."

ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಅವನು ತನ್ನನ್ನು ನೋಡದೆ ಮೂಲೆಯ ವಾಡೆಯನ್ನು ನೋಡುತ್ತಿದ್ದದ್ದು ಚಿಕ್ಕೀರನ ಕಣ್ಣಿಗೆ ಬಿತ್ತು. ಯಾಕೆ ಅಂತ ಹೊಳೆಯಲಿಲ್ಲ, ಅವನಿಗೆ ಕಾಲಿನ ನೋವೇ ಹೆಚ್ಚಾಗಿತ್ತು. ಹಲ್ಲು ಕಚ್ಚಿ, ಒತ್ತು, ಎತ್ತು ಅಂತ ಬಾಯಲ್ಲಿ ಹೇಳಿಕೊಳ್ಳುತ್ತ ಹೇಗೋ ಬುಗುರಿ ಮುಗಿಸಿದ. ಸೊಟ್ಟ ಬುಗುರಿ. ಆದರೂ ತಿರುಗಿತು.

ಮೂರನೆಯದಕ್ಕೆ ಕೊರಡಯ್ಯ ತನ್ನ ಸ್ವಂತ ಉಳಿಯನ್ನೇ ಕೈಗಿತ್ತ. ಅಲ್ಲಿಯವರೆಗೆ ಎಲ್ಲರನ್ನೂ ಹೆರೆದದ್ದು ಅದೇ ಉಳಿ. ಅರ್ಧ ಕಡೆದ ತುಂಡೊಂದನ್ನು ತಿರುಗಣಿಗೆ ಏರಿಸಿದ. ರಾಜನಿಗೆ ಇನ್ನೊಂದು ಕಾಲಾಳು ಬೇಕು, ಕತ್ತು ಸಣ್ಣ ಮಾಡಿ ಮುಗಿಸು ಅಂದ.

ಚಿಕ್ಕೀರ ಮರವನ್ನು ಮುಟ್ಟಿದ. ಬೆಚ್ಚಗಿತ್ತು. ಒಂದು ಪಕ್ಕದಲ್ಲಿ ಸುಟ್ಟ ಕಲೆ, ಎಲೆಯಾಕಾರದ್ದು.

ಹೊತ್ತುಕೊಂಡು ಓಡೋಣವೆಂದರೆ ಹುಲಿ ಬಾಗಿಲಿಗೆ ಅಡ್ಡ ಮಲಗಿದೆ. ಕಡೆಯುವುದಿಲ್ಲ ಅಂದರೆ ತಾನು ಸಾಯುತ್ತಾನೆ, ಆಮೇಲೆ ಇನ್ಯಾರೋ ಬಂದು ಕಡೆಯುತ್ತಾರೆ. ಕಡೆದರೆ ದೇವೀರಿ ಹೋದಳು. ಹಿಡಿ ಕಮಾನು ಅಂತ ಕೊರಡಯ್ಯ ಗದರಿದ. ಹುಲಿ ಎದ್ದು ನಿಂತಿತು. ಅಳುತ್ತಲೇ ಅವನು ಕಮಾನು ಹಿಡಿದ, ಉಳಿಯನ್ನು ತಾಗಿಯೂ ತಾಗದ ಹಾಗೆ ಇಟ್ಟ. ಕಮಾನು ಮುಂದೆ ಹೋಯಿತು, ಹಿಂದೆ ಬಂತು. ಭಯದಲ್ಲಿ ಪಾಠ ಮರೆತ ಕುಂಬಾರನ ಕೈ ಉಳಿಯನ್ನು ಎತ್ತಲಿಲ್ಲ.

ಈ ಸಲ ಉಳಿ ಎಗರಲಿಲ್ಲ. ಕಿಟಕಿಯಿಂದ ತೆಳ್ಳಗಿನ ಸಿಪ್ಪೆಯೊಂದು ತೂರಿ ಬಂತು, ಉಳಿಯ ಕೆಳಗೆ ನುಸುಳಿತು, ಹಸಿ ಮಣ್ಣಿಗೆ ಹಸಿ ಮಣ್ಣು ಕೂಡಿದ ಹಾಗೆ ಮರಕ್ಕೆ ಕೂಡಿಕೊಂಡಿತು.

ಮೂಲೆಯಲ್ಲಿ ವಾಡೆ ಅಲುಗಾಡಿತು. ಕೊರಡಯ್ಯನ ಕಪ್ಪು ಕೂದಲಲ್ಲಿ ಒಂದು ಎಳೆ ಬೆಳ್ಳಗಾಯಿತು.

ಆಗ ಚಿಕ್ಕೀರನಿಗೆ ಹೊಳೆಯಿತು. ಬುಗುರಿ ಕಡೆಯುವಾಗ ಕಂಡ ಆ ಬಿಳಿಚಿದ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆ. ಕಸುಬು ಬಲ್ಲವರು ಯಾರೇ ಬಂದರೂ ಹಿಂದೆ ಬರುವಾಗ ಉಳಿ ಎತ್ತಿಯೇ ಎತ್ತುತ್ತಾರೆ, ಅದು ಅವರಿಗೆ ರೂಢಿ. ಹಾಗಾಗಿ ಈ ಗುಟ್ಟು ಯಾರಿಗೂ ಸಿಕ್ಕಿರಲಿಲ್ಲ. ಈಗ ಅವನು ಪಾಠವನ್ನು ತಿರುಗಿಸಿ ಹಿಡಿದ. ಮುಂದೆ ಹೋಗುವಾಗ ಎತ್ತು, ಹಿಂದೆ ಬರುವಾಗ ಒತ್ತು. ಒಂದು ಸಲ ತಪ್ಪಿದರೂ ಉಳಿ ದೇವೀರಿಯನ್ನು ಕೊರೆಯುತ್ತದೆ.

ಕೊರಡಯ್ಯ ಕಿರುಚಿಕೊಂಡು ಓಡಿ ಬಂದ. ವಾಡೆಯ ಬೂದು ಸಿಪ್ಪೆ ಹಾರಿ ಹಾರಿ ಅವನ ಮೈಗೆ ಅಂಟತೊಡಗಿತು. ಅದು ಅವನು ತನ್ನ ಮೈಯಿಂದಲೇ ಹೆರೆದು ತೆಗೆದಿದ್ದ ಮುಪ್ಪು. ಓಡುತ್ತಿದ್ದವನು ನಡೆದ. ನಡೆಯುತ್ತಿದ್ದವನು ಗೋಡೆ ಹಿಡಿದ. ಗೋಡೆ ಹಿಡಿದವನು ತೆವಳಿದ. ತೆವಳುತ್ತಲೇ ಹುಲಿಯನ್ನು ಛೂ ಬಿಟ್ಟ.

ಹುಲಿ ಚಿಕ್ಕೀರನ ಭುಜಕ್ಕೆ ಬಾಯಿ ಹಾಕಿತು. ನೋವಿಗೆ ಅವನ ಕೈ ಒಂದೇ ಒಂದು ಸಲ ತಪ್ಪಿತು, ಕಮಾನು ಮುಂದೆ ಹೋಗುವಾಗ ಉಳಿ ಮರಕ್ಕೆ ತಗುಲಿತು. ಅಯ್ಯೋ ದೇವೀರಿ ಅಂತ ಅವನು ಕೂಗಿಕೊಂಡ, ಕಮಾನು ಮಾತ್ರ ಬಿಡಲಿಲ್ಲ. ಹಿಂದೆ, ಒತ್ತು. ಮುಂದೆ, ಎತ್ತು. ಊರಿನಲ್ಲಿ ದೇವರ ಕೋಣೆಗಳ ಮಡಕೆಗಳೆಲ್ಲ ಬಾಯಿ ಬಿಚ್ಚಿಕೊಂಡವು. ಆ ಉಳಿ ಯಾರು ಯಾರನ್ನು ಹೆರೆದಿತ್ತೋ ಅವರೆಲ್ಲರ ಸಿಪ್ಪೆ ದಂಡುಗಟ್ಟಿ ಬೆಟ್ಟದ ಕಡೆಗೂ ಅರಮನೆಯ ಕಡೆಗೂ ಹಾರಿತು. ಭುಜದಲ್ಲಿ ನೆಟ್ಟಿದ್ದ ಹಲ್ಲುಗಳು ಸಡಿಲವಾದವು, ಮೊಂಡಾದವು, ಬಿದ್ದೇಹೋದವು. ತಿರುಗಿ ನೋಡಿದರೆ ಹುಲಿ ಇದ್ದ ಜಾಗದಲ್ಲಿ ಒಬ್ಬ ಬೊಚ್ಚು ಬಾಯಿಯ ಮುದುಕ ಕೂತಿದ್ದ. ಅರಮನೆಯ ಮುದ್ದೋಜ.

ಮುದ್ದೋಜ ಮೊದಲು ನೋಡಿದ್ದು ಚಿಕ್ಕೀರನ ಕೈಯನ್ನು. ಇಷ್ಟು ಕೆಟ್ಟದಾಗಿ ಉಳಿ ಹಿಡಿಯುವವನನ್ನು ನನ್ನ ಆಯಸ್ಸಿನಲ್ಲೇ ಕಂಡಿಲ್ಲ ಮಗನೇ ಅಂದ. ಅಂದವನು ಅವನನ್ನು ತಬ್ಬಿಕೊಂಡು ಅತ್ತುಬಿಟ್ಟ. ಕೊರಡಯ್ಯ ಮನುಷ್ಯ ಬದುಕಬಹುದಾದ ವಯಸ್ಸಿಗಿಂತ ಹೆಚ್ಚು ಮುಪ್ಪನ್ನು ಹೆರೆದಿದ್ದ. ಅಷ್ಟೂ ವಾಪಸು ಬಂದಾಗ ಅದನ್ನು ಹೊರಲು ಮೈಯೇ ಉಳಿಯಲಿಲ್ಲ. ಒಂದು ಹಿಡಿ ಧೂಳು ಬಾಗಿಲಿನಿಂದ ಹಾರಿಹೋಯಿತು.

ಅರಮನೆಯಲ್ಲಿ ಚದುರಂಗದ ಮಣೆಯ ಮೇಲೆ ಕಾಯಿಗಳು ಒಂದೊಂದಾಗಿ ಮನುಷ್ಯರಾಗಿ ಎದ್ದು ನಿಂತವು. ಅವರ ಭಾರಕ್ಕೆ ಮಣೆ ಮುರಿಯಿತು. ಯಾರೂ ರಾಜನಿಗೆ ಕೈ ಮುಗಿಯಲಿಲ್ಲ, ಅವನ ಮುಖ ನೋಡುತ್ತ ನಿಂತರು. ರಾಜ ತಾನಾಗಿ ಕಿರೀಟ ತೆಗೆದು ನೆಲಕ್ಕಿಟ್ಟು ತಪ್ಪಾಯಿತು ಅಂದ. ಅವತ್ತಿನಿಂದ ಅವನು ಹುಣಸೆ ಬೀಜದಲ್ಲಿ ಆಡುತ್ತಿದ್ದನಂತೆ. ಯಾರೇನು ಹೇಳಿದರೂ ಹೇಗೆ, ಯಾಕೆ ಅಂತ ಕೇಳದೆ ಬಿಡುತ್ತಿರಲಿಲ್ಲವಂತೆ.

ಚಿಕ್ಕೀರ ಮರದ ತುಂಡನ್ನು ಎದೆಗವುಚಿಕೊಂಡು ಬೆಟ್ಟ ಇಳಿದ. ಅಂಗಳದಲ್ಲಿ ದೇವೀರಿ ನಿಂತಿದ್ದಳು, ಬಳೆ ಕೈತುಂಬ ಬಿಗಿಯಾಗಿತ್ತು. ಅವಳ ಗಲ್ಲದ ಮೇಲೆ ಹಿಂದೆ ಇರದ ಒಂದು ಸಣ್ಣ ಗುಳಿ. ಉಳಿ ತಪ್ಪಿದ ಜಾಗ ಅದು. ಅವನು ಅದನ್ನು ಮುಟ್ಟಿ, ನೋವಾಯಿತೇ ಅಂತ ಕೇಳಿದ.

"ಆಯ್ತು. ಹೊಸಬರ ಕೈಗೆ ಸಿಕ್ಕಿದ್ದೆನಲ್ಲ," ಅಂದಳು ದೇವೀರಿ. ಅವಳು ನಕ್ಕಾಗ ಆ ಗುಳಿ ಇನ್ನೂ ಆಳವಾಯಿತು.

ಆಲೆಗೆರೆಯ ಖಾಲಿ ಮಡಕೆಗಳಲ್ಲಿ ಜನ ನೀರು ತುಂಬಿದರು, ಉಪ್ಪಿನಕಾಯಿ ಹಾಕಿದರು, ಸುಖವಾಗಿ ಬಾಳಿದರು. ಚಿಕ್ಕೀರನೂ ದೇವೀರಿಯೂ ಮಕ್ಕಳು ಮೊಮ್ಮಕ್ಕಳನ್ನು ಕಂಡರು. ಆದರೆ ಆಯಸ್ಸು ಇರುವವರೆಗೂ ಅವನು ದಿನಾ ಬೆಳಿಗ್ಗೆ ಅವಳಿಗಿಂತ ಮೊದಲೇ ಏಳುತ್ತಿದ್ದ. ಅವಳು ಮಲಗಿದ್ದ ಚಾಪೆಯ ಸುತ್ತ ಮೆಲ್ಲಗೆ ಕೈಯಾಡಿಸುತ್ತಿದ್ದ. ಕೈಗೆ ಏನೂ ಸಿಗದಿದ್ದರೆ ಎದ್ದು ಹೋಗಿ ಒಲೆ ಹಚ್ಚುತ್ತಿದ್ದ. ದೇವೀರಿಗೆ ಅದು ಗೊತ್ತಿತ್ತು. ಅವನ ಕೈ ತನ್ನನ್ನು ದಾಟಿ ಹೋಗುವವರೆಗೆ ಅವಳು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.